ರಜೆಗೆ ಪಕ್ಕದ ರಾಜ್ಯಕ್ಕೆ ಹೊರಟಾಗ ಪಿಸ್ತೂಲು ಸೊಂಟದಲ್ಲೋ, ಪೆಟ್ಟಿಗೆಯಲ್ಲೋ, ಮನೆಯಲ್ಲೋ?

ಟೆಕ್ಸಸ್‌ನ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಂಡು ನ್ಯೂಜೆರ್ಸಿಯಲ್ಲಿ ಕಾರು ಓಡಿಸಿದರೆ ಯಾರೂ ಏನೂ ಕೇಳುವುದಿಲ್ಲ. ಅದೇ ಟೆಕ್ಸಸ್‌ನ ಗನ್ ಲೈಸೆನ್ಸ್ ನಂಬಿ ನ್ಯೂಜೆರ್ಸಿಗೆ ಪಿಸ್ತೂಲು ಒಯ್ದರೆ ಕೈಗೆ ಕೋಳ ಬೀಳುತ್ತದೆ. ಅಮೆರಿಕದಲ್ಲಿ ಬಟ್ಟೆಯೊಳಗೆ ಗನ್ ಇಟ್ಟುಕೊಂಡು ಓಡಾಡುವ ಪರ್ಮಿಟ್ಟು ಆಯಾ ರಾಜ್ಯದ ಸೊತ್ತು. ಗಡಿ ದಾಟಿದ ಕೂಡಲೇ ಅದಕ್ಕೆ ಎಷ್ಟು ಬೆಲೆ ಎಂಬುದನ್ನು ಆಚೆಗಿನ ರಾಜ್ಯ ತೀರ್ಮಾನಿಸುತ್ತದೆ. ಹಾಗಾಗಿ ಏನು ಮಾಡಬೇಕು ಎಂದು ಯೋಚಿಸುವಾಗ ಹೋಗುವ ಊರನ್ನಷ್ಟೇ ನೋಡಿದರೆ ಸಾಲದು. ದಾರಿಯಲ್ಲಿ ಸಿಗುವ ರಾಜ್ಯಗಳಲ್ಲಿ ಅತಿ ಬಿಗಿ ಯಾವುದೋ, ಅದರ ಲೆಕ್ಕಕ್ಕೆ ಇಡೀ ಪ್ರವಾಸ ಕಟ್ಟಿಕೊಳ್ಳಬೇಕು.

ಮೊದಲು ವೀಸಾ, ಆಮೇಲೆ ಪಿಸ್ತೂಲು

ಕನ್ನಡಿಗರ ಮಟ್ಟಿಗೆ ಮಿಕ್ಕ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಎಚ್‌-1ಬಿ, ಎಲ್‌-1, ಎಫ್‌-1, ಎಚ್‌-4, ಊರಿಂದ ಬರುವ ಅಪ್ಪ ಅಮ್ಮನ ಬಿ-2, ಇವೆಲ್ಲ ನಾನ್‌ಇಮಿಗ್ರಂಟ್, ಅಂದರೆ ತಾತ್ಕಾಲಿಕ ವಾಸದ ವೀಸಾಗಳು. ಈ ವೀಸಾ ಮೇಲೆ ಒಳಬಂದವರು ಗನ್ ಆಗಲಿ, ಒಂದೇ ಒಂದು ಗುಂಡಾಗಲಿ ಇಟ್ಟುಕೊಳ್ಳುವುದು ಫೆಡರಲ್, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರ ಕಾನೂನಿನ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಇದಕ್ಕೊಂದು ವಿನಾಯಿತಿ ಉಂಟು. ಆದರೆ ಆ ವಿನಾಯಿತಿ ಫೆಡರಲ್ ನಿಷೇಧವನ್ನಷ್ಟೇ ತೆಗೆಯುತ್ತದೆ; ಇನ್ನೊಂದು ರಾಜ್ಯದಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವ ಹಕ್ಕು ಕೊಡುವುದಿಲ್ಲ.

ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು, ಇಟ್ಟುಕೊಳ್ಳಬಹುದು. ಆದರೆ ಗನ್ ಕಾನೂನು ಮುರಿದು ಶಿಕ್ಷೆಯಾದರೆ ವಲಸೆ ಕಾನೂನಿನಲ್ಲಿ ಅದೇ ಗಡೀಪಾರಿಗೆ ಕಾರಣವಾಗಬಹುದು. ಅಮೆರಿಕನ್ ಪ್ರಜೆ ವಕೀಲರ ಫೀಸು ಕೊಟ್ಟು ದಂಡ ಕಟ್ಟಿ ಮರೆಯುವ ಪ್ರಕರಣ, ಗ್ರೀನ್ ಕಾರ್ಡಿನವರಿಗೆ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಒನ್‌ವೇ ಟಿಕೆಟ್ ಆಗಬಹುದು. ಆದ್ದರಿಂದ ಕೆಳಗಿನ ಹೋಲಿಕೆಯಲ್ಲಿ ಎಲ್ಲಿ ಅನುಮಾನ ಬಂದರೂ ಅವರು ಒಂದು ಹೆಜ್ಜೆ ಹಿಂದೆ ನಿಲ್ಲುವುದೇ ಸರಿ.

ಮನೆಯಲ್ಲಿ ಒಬ್ಬರಿಗೆ ಪೌರತ್ವ, ಇನ್ನೊಬ್ಬರಿಗೆ ವೀಸಾ ಇರುವುದು ಸಾಮಾನ್ಯ. ಅಂಥಲ್ಲಿ ಪೆಟ್ಟಿಗೆಯ ಕೀಲಿ ಪೌರತ್ವ ಇದ್ದವರ ಜೇಬಿನಲ್ಲೇ ಇರಬೇಕು. ಗನ್ ಇರುವ ಕಾರನ್ನು ವೀಸಾದಲ್ಲಿರುವ ಹೆಂಡತಿಯೋ ಗಂಡನೋ ಒಬ್ಬರೇ ಅಂಗಡಿಗೆ ಒಯ್ದರೆ, ಆ ಹೊತ್ತಿಗೆ ಅದು ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ ಏಳುತ್ತದೆ.

ಮನೆ ರಾಜ್ಯದ ಪರ್ಮಿಟ್ಟನ್ನೇ ನಂಬುವುದು

ಖರ್ಚಿಲ್ಲದ ದಾರಿ, ಬಹುಪಾಲು ಜನ ಹಿಡಿಯುವ ದಾರಿ. ಒಂದು ರಾಜ್ಯ ಇನ್ನೊಂದರ ಪರ್ಮಿಟ್ಟಿಗೆ ಮಾನ್ಯತೆ ಕೊಡುವುದಕ್ಕೆ ರೆಸಿಪ್ರಾಸಿಟಿ ಎನ್ನುತ್ತಾರೆ. ಹೆಸರು ಕೇಳಿದರೆ ಎರಡೂ ಕಡೆಯ ಒಪ್ಪಂದ ಅನ್ನಿಸುತ್ತದೆ, ಆದರೆ ಎಷ್ಟೋ ಕಡೆ ಅದು ಒಂದೇ ಕಡೆಯದು. ನಿಮ್ಮ ರಾಜ್ಯ ಅವರದ್ದನ್ನು ಒಪ್ಪಿದ ಮಾತ್ರಕ್ಕೆ ಅವರು ನಿಮ್ಮದನ್ನು ಒಪ್ಪಬೇಕೆಂದಿಲ್ಲ. ನೋಡಬೇಕಾದ್ದು ಹೋಗುವ ರಾಜ್ಯದ ಅಟಾರ್ನಿ ಜನರಲ್ ಇಲ್ಲವೇ ಸ್ಟೇಟ್ ಪೊಲೀಸ್ ಪ್ರಕಟಿಸುವ ಪಟ್ಟಿ. ಹೊರಡುವ ವಾರ ಮತ್ತೊಮ್ಮೆ ನೋಡಿ, ಪಟ್ಟಿ ಬದಲಾಗುತ್ತಿರುತ್ತದೆ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಮೇರಿಲ್ಯಾಂಡ್, ಹವಾಯಿ, ಇಲಿನಾಯ್, ಇವು ಹೊರರಾಜ್ಯದ ಯಾವ ಪರ್ಮಿಟ್ಟನ್ನೂ ಮಾನ್ಯ ಮಾಡುವುದಿಲ್ಲ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಬ್ರೂಯನ್ ತೀರ್ಪು ಕೊಟ್ಟ ಮೇಲೆ ಎಲ್ಲ ಕಡೆ ಬಾಗಿಲು ತೆರೆಯಿತು ಎಂದು ತಿಳಿದವರಿದ್ದಾರೆ. ಪರ್ಮಿಟ್ ಕೇಳುವವರು ವಿಶೇಷ ಕಾರಣ ತೋರಿಸಲೇಬೇಕು ಎಂಬ ನಿಯಮವನ್ನು ಆ ತೀರ್ಪು ಹೊಡೆದುಹಾಕಿತು, ನಿಜ. ಪರ್ಮಿಟ್ಟೇ ಬೇಡ ಎಂದಾಗಲಿ, ಪಕ್ಕದ ರಾಜ್ಯದ್ದನ್ನು ಒಪ್ಪಿಕೊಳ್ಳಿ ಎಂದಾಗಲಿ ಅದು ಹೇಳಲಿಲ್ಲ.

ಇಲಿನಾಯ್‌ನಲ್ಲಿ ಮಾತ್ರ ಒಂದು ಸಣ್ಣ ಸಡಿಲಿಕೆ ಇದೆ. ನಿಮ್ಮ ರಾಜ್ಯದಲ್ಲಿ ಒಯ್ಯುವ ಪರ್ಮಿಟ್ ಇದ್ದರೆ ಕಾರಿನೊಳಗೆ ಇರುವಷ್ಟು ಹೊತ್ತು ಮೈಮೇಲೆ ಇಟ್ಟುಕೊಳ್ಳಬಹುದು. ಕಾರಿನಿಂದ ಇಳಿಯುವಾಗ ಅದನ್ನು ಒಳಗೇ ಬಿಟ್ಟು ಬೀಗ ಹಾಕಬೇಕು. ಷಿಕಾಗೋ ದಾಟಿ ಹೋಗುವವರಿಗೆ ಇದು ಸಾಕು. ಷಿಕಾಗೋದಲ್ಲಿ ಮೂರು ದಿನ ಸುತ್ತುವವರಿಗೆ ಏನೇನೂ ಸಾಲದು.

ಪರ್ಮಿಟ್ಟೇ ಬೇಡ ಎನ್ನುವ ರಾಜ್ಯಗಳು

2024ರಲ್ಲಿ ಸೌತ್ ಕ್ಯಾರೊಲೈನಾ ಮತ್ತು ಲೂಸಿಯಾನ ಸೇರಿದ ಮೇಲೆ ಇಂಥವು 29 ಆದವು. ಟೆಕ್ಸಸ್ 2021ರಿಂದ, ಫ್ಲಾರಿಡಾ 2023ರಿಂದ, ಅರಿಜೋನಾ 2010ರಿಂದ ಈ ಗುಂಪಿನಲ್ಲಿವೆ. ಪ್ರವಾಸಿಗೂ ಇದು ಅನ್ವಯಿಸುವ ಕಡೆ ಓಡಾಟ ಸಲೀಸು. ಹಾಗೆಂದು ಎಲ್ಲ ಕಡೆ ಒಂದೇ ಷರತ್ತಲ್ಲ. ವಯಸ್ಸು ಕೆಲವೆಡೆ 18, ಕೆಲವೆಡೆ 21. ಐಡಾಹೊ ಈ ಸವಲತ್ತನ್ನು ಅಮೆರಿಕದ ಪ್ರಜೆಗಳಿಗೆ ಮತ್ತು ಸೇನೆಯಲ್ಲಿರುವವರಿಗೆ ಮಾತ್ರ ಕೊಟ್ಟಿದೆ. ಗ್ರೀನ್ ಕಾರ್ಡಿನವರು ಯೆಲ್ಲೋಸ್ಟೋನ್‌ಗೆ ಆ ಕಡೆಯಿಂದ ಹೋಗುವಾಗ ಈ ಒಂದು ಸಾಲು ನೆನಪಿರಲಿ.

ಇಲ್ಲಿ ಅನುಭವಸ್ಥರೂ ಎಡವುವ ಜಾಗ ಶಾಲೆಯ ಸುತ್ತಳತೆ. ಶಾಲೆಯ ಆವರಣದಿಂದ 1000 ಅಡಿಯೊಳಗೆ ಗನ್ ಇರಬಾರದು ಎಂಬುದು ಫೆಡರಲ್ ಕಾನೂನು. ಶಾಲೆ ಇರುವ ಆ ರಾಜ್ಯವೇ ಕೊಟ್ಟ ಲೈಸೆನ್ಸ್ ಇದ್ದವರಿಗೆ ವಿನಾಯಿತಿ. ನಿಮ್ಮ ಮನೆ ರಾಜ್ಯದ ಪರ್ಮಿಟ್ಟನ್ನು ಅವರು ಮಾನ್ಯ ಮಾಡಿದ್ದರೂ ಈ ವಿನಾಯಿತಿ ಸಿಗುವುದಿಲ್ಲ ಎಂಬುದು ಕಾನೂನಿನ ಅಕ್ಷರಾರ್ಥ. ಪರ್ಮಿಟ್ಟೇ ಬೇಡ ಎನ್ನುವ ರಾಜ್ಯದಲ್ಲಿ ಯಾವ ಪರ್ಮಿಟ್ಟೂ ಇಲ್ಲದೆ ಬಂದವರಿಗಂತೂ ಇಲ್ಲವೇ ಇಲ್ಲ. ಊರೊಳಗಿನ ಯಾವ ರಸ್ತೆ ಹಿಡಿದರೂ ಒಂದಲ್ಲ ಒಂದು ಶಾಲೆಯ 1000 ಅಡಿಯೊಳಗೆ ಹಾದೇ ಹೋಗುತ್ತೀರಿ. ಇದೊಂದನ್ನೇ ಹಿಡಿದು ಪ್ರವಾಸಿಗರ ಮೇಲೆ ಕೇಸು ಹಾಕುವುದು ಅಪರೂಪ, ಆದರೆ ಬೇರೆ ತಪ್ಪಿಗೆ ಸಿಕ್ಕಿಬಿದ್ದಾಗ ಇದೂ ಪಟ್ಟಿಗೆ ಸೇರಬಹುದು. ಗುಂಡು ತೆಗೆದು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟರೆ ಈ ತೊಡಕಿಲ್ಲ.

ಹೊರಗಿನವರಿಗೆ ಕೊಡುವ ಪರ್ಮಿಟ್

ಯೂಟಾ, ಫ್ಲಾರಿಡಾ, ಅರಿಜೋನಾ ಮುಂತಾದ ರಾಜ್ಯಗಳು ಅಲ್ಲಿ ವಾಸವಿಲ್ಲದವರಿಗೂ ಪರ್ಮಿಟ್ ಕೊಡುತ್ತವೆ. ಯೂಟಾದ್ದು 5 ವರ್ಷ, ಫ್ಲಾರಿಡಾದ್ದು 7 ವರ್ಷ ನಡೆಯುತ್ತದೆ. ಯೂಟಾಕ್ಕೆ ಅಲ್ಲಿನ ಮಾನ್ಯತೆ ಪಡೆದ ತರಬೇತುದಾರರಿಂದ ಕ್ಲಾಸು, ಬೆರಳಚ್ಚು, ಫೋಟೋ ಬೇಕು. ಗುಂಡು ಹಾರಿಸಿ ತೋರಿಸುವ ಪರೀಕ್ಷೆ ಇಲ್ಲ. ನಿಮ್ಮ ರಾಜ್ಯ ಯೂಟಾ ಪರ್ಮಿಟ್ಟನ್ನು ಒಪ್ಪುವುದಾದರೆ, ಮೊದಲು ನಿಮ್ಮ ರಾಜ್ಯದ್ದನ್ನು ಪಡೆದಿರಬೇಕು.

ಎರಡು ಕಾರ್ಡು ಜೇಬಿನಲ್ಲಿದ್ದರೆ ನಕ್ಷೆ ದೊಡ್ಡದಾಗುತ್ತದೆ ಎಂದು ಕ್ಲಾಸು ನಡೆಸುವವರು ಹೇಳುತ್ತಾರೆ. ಪರ್ಮಿಟ್ ಬೇಡದ ರಾಜ್ಯಗಳು ಹೆಚ್ಚಿದ ಮೇಲೆ ಆ ಮಾತಿನ ತೂಕ ಇಳಿದಿದೆ. ಅದಕ್ಕಿಂತ ಮುಖ್ಯವಾಗಿ ಕೊಲರಾಡೊ, ಮಿಷಿಗನ್‌ನಂಥ ರಾಜ್ಯಗಳು ಹೀಗೆ ವಾಸವಿಲ್ಲದವರಿಗೆ ಕೊಟ್ಟ ಪರ್ಮಿಟ್ಟನ್ನು ಒಪ್ಪುವುದಿಲ್ಲ. ಪರ್ಮಿಟ್ ಕೊಟ್ಟ ರಾಜ್ಯದಲ್ಲೇ ನಿಮ್ಮ ವಾಸ ಇರಬೇಕು. ಹೀಗಾಗಿ ಈ ಖರ್ಚು ಒಗ್ಗುವುದು ಇಬ್ಬರಿಗೆ: ವರ್ಷಕ್ಕೆ ಮೂರು ನಾಲ್ಕು ಸಲ ಒಂದೇ ರಾಜ್ಯಕ್ಕೆ ಹೋಗಿ ಬರುವವರಿಗೆ, ಮತ್ತು ಆ ರಾಜ್ಯದ್ದೇ ಲೈಸೆನ್ಸ್ ಇದ್ದು ಶಾಲೆಯ 1000 ಅಡಿ ತಲೆನೋವು ತಪ್ಪಲಿ ಎನ್ನುವವರಿಗೆ. ವರ್ಷಕ್ಕೊಂದು ಪ್ರವಾಸ ಮಾಡುವವರು ಆ ದುಡ್ಡಿಗೆ ಒಳ್ಳೆಯ ಉಕ್ಕಿನ ಪೆಟ್ಟಿಗೆ ಕೊಳ್ಳಬಹುದು. ನ್ಯೂಯಾರ್ಕ್ ನಗರ ಮತ್ತು ಕ್ಯಾಲಿಫೋರ್ನಿಯಾ ಕೂಡ ಈಚೆಗೆ ಕೋರ್ಟು ಕಟ್ಟಳೆಗಳಿಂದಾಗಿ ಹೊರಗಿನವರ ಅರ್ಜಿ ತೆಗೆದುಕೊಳ್ಳಲು ಶುರುಮಾಡಿವೆ. ಅಲ್ಲಿನ ಕಾಗದಪತ್ರ, ತರಬೇತಿ, ಕಾಯುವಿಕೆ ಒಂದು ವಾರದ ರಜೆಗೆ ಹೊಂದುವಂಥದ್ದಲ್ಲ.

ಬೀಗ ಹಾಕಿದ ಪೆಟ್ಟಿಗೆ

1986ರ ಫೆಡರಲ್ ಕಾಯ್ದೆ, ಜನ ಕರೆಯುವಂತೆ ಫೋಪಾ, ದಾರಿಹೋಕರಿಗೆ ಒಂದು ರಕ್ಷಣೆ ಕೊಡುತ್ತದೆ. ಹೊರಟ ಊರಿನಲ್ಲೂ ತಲುಪುವ ಊರಿನಲ್ಲೂ ಆ ಗನ್ ಇಟ್ಟುಕೊಂಡು ಓಡಾಡುವುದು ನಿಮಗೆ ಕಾನೂನುಬದ್ಧವಾಗಿರಬೇಕು. ಗನ್‌ನಲ್ಲಿ ಗುಂಡಿರಬಾರದು. ಗನ್ ಆಗಲಿ ಗುಂಡಾಗಲಿ ಕೂತವರ ಕೈಗೆ ಎಟುಕಬಾರದು. ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗದ ಪೆಟ್ಟಿಗೆಯಲ್ಲಿರಬೇಕು. ಗ್ಲೋವ್ ಬಾಕ್ಸು, ನಡುವಿನ ಕನ್ಸೋಲು ಲೆಕ್ಕಕ್ಕಿಲ್ಲ, ಅವಕ್ಕೆ ಬೀಗ ಇದ್ದರೂ ಇಲ್ಲ.

ನಮ್ಮವರ ಮನೆ ಮುಂದೆ ನಿಂತಿರುವುದು ಹೆಚ್ಚಾಗಿ ಒಡಿಸ್ಸಿ, ಸಿಯೆನ್ನಾದಂಥ ಮಿನಿವ್ಯಾನು. ಅದರಲ್ಲಿ ಬೇರೆ ಡಿಕ್ಕಿ ಎಂಬುದಿಲ್ಲ, ಹಿಂದಿನ ಸೀಟಿನ ಬೆನ್ನಿಗೇ ಸಾಮಾನು. ಹೀಗೆ ಜೋಡಿಸಿ: ಗನ್‌ನ ಗುಂಡು ತುಂಬುವ ಮ್ಯಾಗಝೀನ್ ತೆಗೆದು, ಮೇಲಿನ ಜಾರುಭಾಗವಾದ ಸ್ಲೈಡ್ ಹಿಂದಕ್ಕೆಳೆದು ಕೊಳವೆಯ ಬುಡ ಕಣ್ಣಿನಿಂದಲೂ ಬೆರಳಿನಿಂದಲೂ ಖಾಲಿ ಎಂದು ನೋಡಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಗುಂಡುಗಳು ಅಂಗಡಿಯ ರಟ್ಟಿನ ಡಬ್ಬಿಯಲ್ಲೇ ಇರಲಿ, ಆ ಡಬ್ಬಿ ಇನ್ನೊಂದು ಬೀಗದ ಪೆಟ್ಟಿಗೆಯಲ್ಲಿರಲಿ. ಎರಡನ್ನೂ ಸೂಟ್‌ಕೇಸ್‌ಗಳ ತಳದಲ್ಲಿ, ಹಿಂಬಾಗಿಲ ಕಡೆಗೆ ಇಡಿ. ಮಕ್ಕಳ ಚಕ್ಕುಲಿ ಡಬ್ಬಿ ಇರುವ ಚೀಲದ ಹತ್ತಿರ ಬೇಡ, ದಾರಿಯುದ್ದಕ್ಕೂ ಅಲ್ಲಿ ಕೈ ಆಡುತ್ತಿರುತ್ತದೆ.

ಈ ಕಾಯ್ದೆ ಹಾದುಹೋಗುವವರಿಗೆ. ಪೆಟ್ರೋಲಿಗೆ, ಊಟಕ್ಕೆ ನಿಲ್ಲುವುದು ಪ್ರಯಾಣದ ಭಾಗ ಎನ್ನಬಹುದು. ರಾತ್ರಿ ತಂಗುವುದು, ನೆಂಟರ ಮನೆಗೆ ಹೋಗುವುದು ಹಾಗಲ್ಲ. 2005ರಲ್ಲಿ ಯೂಟಾದಿಂದ ಪೆನ್ಸಿಲ್ವೇನಿಯಾಕ್ಕೆ ಹೊರಟ ಒಬ್ಬ ಪ್ರಯಾಣಿಕರಿಗೆ ನ್ಯೂಜೆರ್ಸಿಯ ನೂವರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಗನ್ ಇದ್ದ ಚೀಲ ಕೈಗೆ ಬಂತು, ರಾತ್ರಿ ಹೋಟೆಲಿನಲ್ಲಿ ಕಳೆದರು, ಬೆಳಿಗ್ಗೆ ಕೌಂಟರಿನಲ್ಲಿ ನಿಯಮದಂತೆ ಗನ್ ಇದೆ ಎಂದು ಹೇಳಿದರು, ಬಂಧನಕ್ಕೊಳಗಾದರು. ಕೇಸು ಮುಂದೆ ಬಿದ್ದುಹೋಯಿತು. ಆದರೆ ಅವರು ಹೂಡಿದ ದಾವೆಯಲ್ಲಿ, ರಾತ್ರಿಯೆಲ್ಲ ಗನ್ ಕೈಗೆಟುಕುವಂತಿತ್ತು, ಹಾಗಾಗಿ ಫೋಪಾ ರಕ್ಷಣೆ ಇಲ್ಲ ಎಂದು ಮೇಲ್ಮನವಿ ಕೋರ್ಟು 2010ರಲ್ಲಿ ತೀರ್ಪು ಕೊಟ್ಟಿತು. ವಿಮಾನ ತಪ್ಪಿ ನ್ಯೂಯಾರ್ಕ್, ನ್ಯೂಜೆರ್ಸಿಯಲ್ಲಿ ಸಿಕ್ಕಿಬಿದ್ದರೆ ಚೀಲವನ್ನು ಮುಟ್ಟಲೇಬೇಡಿ. ವಿಮಾನ ಕಂಪನಿಯೇ ಅದನ್ನು ಇಟ್ಟುಕೊಂಡು ಮುಂದಿನ ವಿಮಾನಕ್ಕೆ ಹಾಕಲಿ ಎಂದು ಪಟ್ಟು ಹಿಡಿಯಿರಿ.

ಮೂರು ಪ್ರವಾಸ, ಮೂರು ಉತ್ತರ

ಡಲ್ಲಾಸ್‌ನಿಂದ ಡೆನ್ವರ್‌ಗೆ ಕಾರಿನಲ್ಲಿ. ಅಮರಿಲೊ ದಾಟಿ, ನ್ಯೂ ಮೆಕ್ಸಿಕೊದ ಮೂಲೆ ಸವರಿ, ರಟೋನ್ ಕಣಿವೆ ಹತ್ತಿ ಕೊಲರಾಡೊ. ಟೆಕ್ಸಸ್ ಲೈಸೆನ್ಸನ್ನು ಎರಡೂ ರಾಜ್ಯ ಒಪ್ಪುತ್ತವೆ. ಟೆಕ್ಸಸ್‌ನಲ್ಲಿ ಲೈಸೆನ್ಸ್ ಬೇಡ ಎಂದು ಅದನ್ನು ಮಾಡಿಸದೇ ಬಿಟ್ಟವರಿಗೆ ಕೊಲರಾಡೊದಲ್ಲಿ ಆ ಅನುಕೂಲ ಇಲ್ಲ. ಲೈಸೆನ್ಸಿನ ನಿಜವಾದ ಬೆಲೆ ರಾಜ್ಯದ ಹೊರಗೇ ತಿಳಿಯುವುದು. ಇನ್ನೊಂದು ತೊಡಕು ಮ್ಯಾಗಝೀನ್. ಕೊಲರಾಡೊದಲ್ಲಿ 15ಕ್ಕಿಂತ ಹೆಚ್ಚು ಗುಂಡು ಹಿಡಿಸುವ ಮ್ಯಾಗಝೀನ್ 2013ರಿಂದ ನಿಷಿದ್ಧ. ಗ್ಲಾಕ್ 19 ಪಿಸ್ತೂಲಿನ ಜೊತೆ ಬರುವುದು 15ರದ್ದು, ಸರಿ. ಗ್ಲಾಕ್ 17ರ ಜೊತೆ ಬರುವುದು 17ರದ್ದು, ತಪ್ಪು. ಅದರಲ್ಲಿ ಹತ್ತೇ ಗುಂಡು ತುಂಬಿದ್ದೇನೆ ಎಂಬ ವಾದ ನಡೆಯುವುದಿಲ್ಲ, ಎಷ್ಟು ಹಿಡಿಸುತ್ತದೆ ಎಂಬುದೇ ಲೆಕ್ಕ. 2025ರ ಜನವರಿಯಿಂದ ಅಲ್ಲಿ ಕಾರಿನಲ್ಲಿ ಪಿಸ್ತೂಲು ಬಿಟ್ಟು ಹೋಗುವುದಾದರೆ ಗಟ್ಟಿ ಮೈಯ ಬೀಗದ ಪೆಟ್ಟಿಗೆಯಲ್ಲಿ, ಹೊರಗಿನಿಂದ ಕಾಣದಂತೆ, ಬಾಗಿಲಿಗೂ ಬೀಗ ಹಾಕಿ ಬಿಡಬೇಕು. ಕೊಲರಾಡೊದ ಗಾಂಜಾ ಅಂಗಡಿಗಳು ಆ ರಾಜ್ಯಕ್ಕೆ ಸಕ್ರಮವಿರಬಹುದು. ಗಾಂಜಾ ಸೇದುವವರ ಕೈಯಲ್ಲಿ ಗನ್ ಇರುವುದನ್ನು ಫೆಡರಲ್ ಕಾನೂನು ಒಪ್ಪುವುದಿಲ್ಲ. ಈ ಪ್ರವಾಸಕ್ಕೆ ನಮ್ಮ ಆಯ್ಕೆ ಮನೆ ರಾಜ್ಯದ ಲೈಸೆನ್ಸು, 15ರ ಮ್ಯಾಗಝೀನು, ಕಾರಿನ ಸೀಟಿನ ಕಾಲಿಗೆ ಕೇಬಲ್‌ನಿಂದ ಬಿಗಿದ ಉಕ್ಕಿನ ಪೆಟ್ಟಿಗೆ.

ವರ್ಜೀನಿಯಾದ ರಿಚ್ಮಂಡ್‌ನಿಂದ ನ್ಯೂ ಹ್ಯಾಂಪ್‌ಷೈರ್‌ಗೆ, ಅಕ್ಟೋಬರ್‌ನಲ್ಲಿ ಎಲೆ ಬಣ್ಣ ನೋಡಲು. ತಲುಪುವ ಕಡೆ ಪರ್ಮಿಟ್ಟೇ ಬೇಡ. ನಡುವೆ ಮೇರಿಲ್ಯಾಂಡ್, ನ್ಯೂಜೆರ್ಸಿ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ಸಿಗುತ್ತವೆ. ಫೋಪಾ ಹೊಂದುತ್ತದೆ, ಬೀಗದ ಪೆಟ್ಟಿಗೆಯೇ ಗತಿ. ಕೆಡುವುದು ಒಂದೇ ಜಾಗದಲ್ಲಿ: ಹನ್ನೊಂದು ಗಂಟೆಯ ದಾರಿ ಒಂದೇ ದಿನ ಆಗದೆ, ನ್ಯೂಜೆರ್ಸಿಯ ಎಡಿಸನ್‌ನ ಗೆಳೆಯರ ಮನೆಯಲ್ಲಿ ಬಿಸಿಬೇಳೆಬಾತ್ ತಿಂದು ಮಲಗಿ ಬೆಳಿಗ್ಗೆ ಹೊರಡೋಣ ಎಂದುಕೊಂಡಲ್ಲಿ. ಅಲ್ಲಿಗೆ ಅದು ನ್ಯೂಜೆರ್ಸಿ ಪ್ರವಾಸವಾಯಿತು. ಅಲ್ಲಿ 10ಕ್ಕಿಂತ ದೊಡ್ಡ ಮ್ಯಾಗಝೀನೂ ಅಪರಾಧ, ತುದಿ ತೂತಾದ ಹಾಲೋ ಪಾಯಿಂಟ್ ಗುಂಡಿಗೂ ಬೇರೆ ಕಡೆ ಇಲ್ಲದ ನಿರ್ಬಂಧ. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ, ಪೆನ್ಸಿಲ್ವೇನಿಯಾದ ಪರ್ಮಿಟ್ ಇದ್ದವರು, ಅಟ್ಲಾಂಟಿಕ್ ಸಿಟಿ ದಾರಿಯಲ್ಲಿ ಪೊಲೀಸರು ನಿಲ್ಲಿಸಿದಾಗ ತಾವಾಗಿಯೇ ಗನ್ ಇದೆ ಎಂದು ಹೇಳಿ, ಮೂರೂವರೆ ವರ್ಷದ ಕಡ್ಡಾಯ ಶಿಕ್ಷೆಯ ಅಂಚಿಗೆ ಬಂದರು. 2015ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ಟ ಮೇಲೆಯೇ ಅದು ಪೂರ್ತಿ ಮುಗಿದದ್ದು. ಮರುವರ್ಷ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ನಡೆದದ್ದು ಅದೇ ಅಟ್ಲಾಂಟಿಕ್ ಸಿಟಿಯಲ್ಲಿ. ಪೆನ್ಸಿಲ್ವೇನಿಯಾ ಕಡೆಯಿಂದ ಹೋದ ಎಷ್ಟೋ ಕನ್ನಡಿಗರು ಅದೇ ರಸ್ತೆ ಹಿಡಿದಿರಬೇಕು. ರಾತ್ರಿ ತಂಗಲೇಬೇಕೆಂದರೆ ಒಳದಾರಿ ಹಿಡಿದು ಪೆನ್ಸಿಲ್ವೇನಿಯಾದಲ್ಲಿ, ನಿಮ್ಮ ಪರ್ಮಿಟ್ಟಿಗೆ ಅಲ್ಲಿ ಮಾನ್ಯತೆ ಇದೆಯೇ ನೋಡಿಕೊಂಡು ತಂಗಿ.

ಮೂರನೆಯದು ನಯಾಗರ, ಊರಿಂದ ಅಪ್ಪ ಅಮ್ಮ ಬಂದಾಗ ತಪ್ಪದ ಪ್ರವಾಸ. ಗನ್ ಮನೆಯಲ್ಲಿರಲಿ. ನ್ಯೂಯಾರ್ಕ್ ಹೊರರಾಜ್ಯದ ಪರ್ಮಿಟ್ ಒಪ್ಪುವುದಿಲ್ಲ. 2022ರ ಅಲ್ಲಿನ ಕಾನೂನಿನಲ್ಲಿ ಪಾರ್ಕುಗಳು, ಬಸ್ಸು ರೈಲುಗಳು, ಟೈಮ್ಸ್ ಸ್ಕ್ವೇರ್ ಎಲ್ಲವೂ ಗನ್ ತರಬಾರದ ಜಾಗಗಳು. ಸಾಲದ್ದಕ್ಕೆ ಜಲಪಾತದ ಬಳಿ ಲೇನ್ ತಪ್ಪಿದರೆ ರೇನ್‌ಬೋ ಸೇತುವೆ ಹತ್ತಿ ಕೆನಡಾದ ಕಸ್ಟಮ್ಸ್ ಮುಂದೆ ನಿಲ್ಲುತ್ತೀರಿ, ಅವರ ಕಾನೂನು ಇನ್ನೂ ಬಿಗಿ. ಹವಾಯಿಗೂ ಇದೇ ಉತ್ತರ: ತಲುಪಿದ 5 ದಿನದೊಳಗೆ ಪೊಲೀಸರಲ್ಲಿ ಗನ್ ನೋಂದಾಯಿಸಬೇಕು, ಒಂದು ವಾರದ ರಜೆಯಲ್ಲಿ ಒಂದು ದಿನ ಠಾಣೆಗೆ ಮೀಸಲು.

ಊರು ಸೇರಿದ ಮೇಲೆ

ಮ್ಯಾಗಝೀನ್ ಮಿತಿ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕನೆಟಿಕಟ್‌ಗಳಲ್ಲಿ 10. ಪ್ರವಾಸಕ್ಕೆಂದೇ ಎರಡು ಹತ್ತರ ಮ್ಯಾಗಝೀನ್ ಇಟ್ಟುಕೊಂಡರೆ ಈ ಒಂದು ಚಿಂತೆ ಕಳೆಯಿತು.

ನ್ಯಾಷನಲ್ ಪಾರ್ಕುಗಳಲ್ಲಿ 2010ರ ಫೆಬ್ರುವರಿಯಿಂದ ಆ ಪಾರ್ಕು ಇರುವ ರಾಜ್ಯದ ಕಾನೂನೇ ನಡೆಯುತ್ತದೆ. ಬೆಟ್ಟದ ಕಾಲುದಾರಿಯಲ್ಲಿ ಸರಿಯಾದದ್ದು ವಿಸಿಟರ್ ಸೆಂಟರಿನ ಬಾಗಿಲಲ್ಲಿ ತಪ್ಪು, ಅದು ಫೆಡರಲ್ ಕಟ್ಟಡ. ಶೌಚಾಲಯಕ್ಕೆಂದು ಒಳಗೆ ಹೋಗಿ ಮರೆಯುವವರೇ ಹೆಚ್ಚು. ಅಂಚೆ ಕಚೇರಿಯ ವಿಷಯದಲ್ಲಿ ಪಾರ್ಕಿಂಗ್ ಜಾಗವನ್ನೂ ಕಚೇರಿ ಎಂದೇ ತಿಳಿಯಿರಿ. ಡಿಸ್ನಿ ವರ್ಲ್ಡ್ ಗನ್ ಬಿಡುವುದಿಲ್ಲ, ಕ್ರೂಸ್ ಹಡಗುಗಳೂ ಅಷ್ಟೇ.

ಬಾರುಗಳ ವಿಷಯ. ಟೆಕ್ಸಸ್‌ನಲ್ಲಿ ಬಾಗಿಲ ಮೇಲೆ ಕೆಂಪಕ್ಷರದಲ್ಲಿ 51% ಎಂದಿದ್ದರೆ ಆ ಜಾಗದ ಅರ್ಧಕ್ಕಿಂತ ಹೆಚ್ಚು ಆದಾಯ ಮದ್ಯದ್ದು, ಗನ್ ಒಳಗೆ ಬರುವಂತಿಲ್ಲ. ಅರಿಜೋನಾದಲ್ಲಿ ಮದ್ಯ ಬಡಿಸುವ ಹೋಟೆಲಿಗೆ ಪರ್ಮಿಟ್ ಇದ್ದವರು ಹೋಗಬಹುದು, ಕುಡಿಯಬಾರದು. ಪರ್ಮಿಟ್ ಇಲ್ಲದೆ ಒಯ್ಯುವವರು ಹೋಗುವಂತಿಲ್ಲ. ಕನ್ನಡದಲ್ಲಿ ಎರಡಕ್ಕೂ ಗುಂಡು ಎಂದೇ ಹೆಸರಿರುವುದು ತಮಾಷೆ, ಒಟ್ಟಿಗೆ ಇಟ್ಟುಕೊಂಡರೆ ತಮಾಷೆಯಲ್ಲ.

ಪೊಲೀಸರು ಕಾರು ನಿಲ್ಲಿಸಿದರೆ ಒಳಗಿನ ದೀಪ ಹಾಕಿ, ಎರಡೂ ಕೈ ಸ್ಟೇರಿಂಗ್ ಮೇಲಿಡಿ. ಮಿಷಿಗನ್, ನಾರ್ತ್ ಕ್ಯಾರೊಲೈನಾ, ಅಲಾಸ್ಕಾದಂಥ ಕಡೆ ಕೇಳುವ ಮೊದಲೇ ನೀವಾಗಿ ಹೇಳಬೇಕು. ಕೆಲವೆಡೆ ಕೇಳಿದಾಗ ಹೇಳಿದರೆ ಸಾಕು. ಹೇಳುವಾಗ ಮೊದಲ ಮಾತು ಗನ್ ಎಂದಿರದಿರಲಿ. ನನ್ನಲ್ಲಿ ಪರ್ಮಿಟ್ ಇದೆ, ಬಲ ಸೊಂಟದಲ್ಲಿ ಇಟ್ಟುಕೊಂಡಿದ್ದೇನೆ, ಏನು ಮಾಡಲಿ ಎಂದು ಕೇಳಿ. ಕಾಗದಪತ್ರ ಗ್ಲೋವ್ ಬಾಕ್ಸಿನಲ್ಲಿದ್ದು ಗನ್ನೂ ಅಲ್ಲೇ ಇದ್ದರೆ ಅನಾಹುತಕ್ಕೆ ಆಹ್ವಾನ. ಇನ್ಶೂರೆನ್ಸ್ ಕಾರ್ಡು ಸನ್ ವೈಸರ್‌ಗೆ ಸಿಕ್ಕಿಸಿಡಿ.

ವಿಮಾನದಲ್ಲಿ

ಚೆಕ್ ಇನ್ ಚೀಲದಲ್ಲಿ ಮಾತ್ರ. ಗುಂಡು ತೆಗೆದ ಗನ್, ಮೂಲೆ ಹಿಡಿದು ಎಳೆದರೂ ಸೀಳು ಬಿಡದಷ್ಟು ಗಟ್ಟಿ ಪೆಟ್ಟಿಗೆಯಲ್ಲಿ, ಬೀಗ ಹಾಕಿ, ಕೀಲಿ ನಿಮ್ಮಲ್ಲೇ. ಈ ಪೆಟ್ಟಿಗೆ ಸಾಮಾನ್ಯ ಸೂಟ್‌ಕೇಸಿನೊಳಗೆ ಇರಬಹುದು. ಗುಂಡುಗಳು ರಟ್ಟಿನ ಇಲ್ಲವೇ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬಹುಪಾಲು ಕಂಪನಿಗಳ ಮಿತಿ 5 ಕಿಲೋ. ಕೌಂಟರಿನಲ್ಲಿ ಗುಂಡಿಲ್ಲದ ಗನ್ ಇದೆ ಎಂದು ಮೆಲ್ಲನೆ ಹೇಳಿ, ಕೊಟ್ಟ ಚೀಟಿಗೆ ಸಹಿ ಮಾಡಿ, ಅದು ಚೀಲದೊಳಗೆ ಹೋಗುತ್ತದೆ. ಸ್ಕ್ಯಾನ್ ಮುಗಿಯುವವರೆಗೆ ಹದಿನೈದು ನಿಮಿಷ ಅಲ್ಲೇ ಸುತ್ತಮುತ್ತ ಇರಿ, ಕರೆದಾಗ ಕೀಲಿ ಬೇಕಾಗುತ್ತದೆ. ಹೋಗುವಾಗ ಹೇಳಿದಷ್ಟೇ ವಾಪಸು ಬರುವಾಗಲೂ ಹೇಳಬೇಕು, ಮತ್ತು ಆ ಊರಿನ ನಿಲ್ದಾಣ ಆ ರಾಜ್ಯದ ಕಾನೂನಿನ ಕೆಳಗೆ ಬರುತ್ತದೆ.

2023ರಲ್ಲಿ ವಿಮಾನ ನಿಲ್ದಾಣಗಳ ಭದ್ರತೆ ನೋಡುವ ಟಿಎಸ್‌ಎ ತಪಾಸಣೆಯಲ್ಲಿ ಕೈಚೀಲಗಳಲ್ಲಿ ಸಿಕ್ಕ ಗನ್‌ಗಳು 6737, ಅವುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಗುಂಡು ತುಂಬಿದ್ದವು. ಸಿಕ್ಕಿಬಿದ್ದವರ ಸಾಮಾನ್ಯ ಉತ್ತರ ಮರೆತಿದ್ದೆ ಎಂಬುದು. ಸಾವಿರಾರು ಡಾಲರ್ ದಂಡ, ತಪಾಸಣೆ ಬೇಗ ಮುಗಿಸಿಕೊಡುವ ಪ್ರೀಚೆಕ್ ಸವಲತ್ತು ರದ್ದು, ಊರಿನ ಪೊಲೀಸರ ಕೇಸು ಬೇರೆ. ಶೂಟಿಂಗ್ ರೇಂಜಿಗೆ ಒಯ್ಯುವ ಬ್ಯಾಕ್‌ಪ್ಯಾಕನ್ನೇ ವಿಮಾನದ ಕೈಚೀಲ ಮಾಡಿಕೊಳ್ಳುವುದರಿಂದ ಇಂಥ ಮರೆವು ಹುಟ್ಟುತ್ತದೆ. ಎರಡಕ್ಕೂ ಬೇರೆ ಬೇರೆ ಚೀಲ ಇರಲಿ. ಇಲ್ಲದಿದ್ದರೆ ಹೊರಡುವ ಹಿಂದಿನ ರಾತ್ರಿ ಚೀಲವನ್ನು ಹಾಸಿಗೆ ಮೇಲೆ ತಲೆಕೆಳಗಾಗಿ ಕೊಡವಿ, ಪ್ರತಿ ಜೇಬಿನ ಮೂಲೆಗೂ ಬೆರಳು ಹಾಕಿ ನೋಡಿ. ಹೊಲಿಗೆಯ ಸಂದಿಯಲ್ಲಿ ಕೂತ ಒಂದೇ ಒಂದು 9 ಎಂಎಂ ಗುಂಡು ಎಕ್ಸ್‌ರೇ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ.